ಎಂಡಿಎಡಿಎಂ: ಸರ್ವರ್ ನಿಲ್ಲಿಸದೆ ದೊಡ್ಡ ಡಿಸ್ಕುಗಳಿಗೆ ಏರಲು ನೆಚ್ಚಬಹುದಾದ ಸಾಧನ

ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕುಗಳನ್ನು ಒಂದಾಗಿ ಬಳಸುವ ವ್ಯವಸ್ಥೆ) ಅನ್ನು ನಿರ್ವಹಿಸುವ ಎಂಡಿಎಡಿಎಂ ಅನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದರೂ, ಅದರ ನಿಜವಾದ ಯೋಗ್ಯತೆ ನನಗೆ ತಿಳಿದದ್ದು 4 ಟಿಬಿಯ ನಾಲ್ಕು ಡಿಸ್ಕುಗಳಿದ್ದ ರೇಡ್ 5 ಅರೇಯಲ್ಲಿ (ಒಂದು ಡಿಸ್ಕು ಕೆಟ್ಟರೂ ಮಾಹಿತಿ ಉಳಿಯುವ ಡಿಸ್ಕುಗಳ ಗುಂಪಿನಲ್ಲಿ) ಒಂದೊಂದನ್ನೇ ತೆಗೆದು 12 ಟಿಬಿ ಡಿಸ್ಕುಗಳನ್ನು ಹಾಕಿದಾಗ. ಬಳಕೆಗೆ ಸಿಗುವ ಜಾಗ 12 ಟಿಬಿಯಿಂದ 36 ಟಿಬಿಗೆ ಏರಿತು, ಒಂದು ಫೈಲೂ ಕಳೆದುಹೋಗಲಿಲ್ಲ.

ಹಳೆಯ ಡಿಸ್ಕನ್ನು ಫೇಲ್ ಎಂದು ಗುರುತಿಸಿ, ಹೊರತೆಗೆದು, ಹೊಸದನ್ನು ಸೇರಿಸಿ ರೀಬಿಲ್ಡ್‌ಗೆ (ಉಳಿದ ಡಿಸ್ಕುಗಳಿಂದ ಮಾಹಿತಿಯನ್ನು ಮರುಕಟ್ಟುವುದಕ್ಕೆ) ಕಾಯುವ ಪದ್ಧತಿ ಈಗಲೂ ಇದೆ. ರೇಡ್ 5ರಲ್ಲಿ ಇದು ಅಪಾಯಕ್ಕೆ ಆಹ್ವಾನವೆಂದೇ ನನ್ನ ಅಭಿಪ್ರಾಯ. ಏಕೆಂದರೆ ರೀಬಿಲ್ಡ್ ಮುಗಿಯುವ ಮೊದಲು ಉಳಿದ ಮೂರರಲ್ಲಿ ಒಂದು ಕೈಕೊಟ್ಟರೂ ಇಡೀ ಅರೇ ಹೋಗುತ್ತದೆ, ಮತ್ತು ಆ ಮೂರನ್ನೂ ಮೊದಲಿನಿಂದ ಕೊನೆಯವರೆಗೆ ಓದಬೇಕಾದ ಹೊತ್ತೂ ಅದೇ ಆಗಿರುತ್ತದೆ. ಎಂಡಿಎಡಿಎಂನ ರಿಪ್ಲೇಸ್ ಆಯ್ಕೆ ಈ ಗಂಡಾಂತರವನ್ನು ತಪ್ಪಿಸುತ್ತದೆ. ಹೊಸ ಡಿಸ್ಕನ್ನು ಸ್ಪೇರ್ (ಮೀಸಲು) ಆಗಿ ಸೇರಿಸಿ ಆದೇಶ ಕೊಟ್ಟರೆ, ಹಳೆಯ ಡಿಸ್ಕು ಅರೇಯಲ್ಲಿ ಕೆಲಸ ಮಾಡುತ್ತಿರುವಾಗಲೇ ಅದರಲ್ಲಿರುವುದು ಹೊಸದಕ್ಕೆ ನಕಲಾಗುತ್ತದೆ; ಹಳೆಯದರಲ್ಲಿ ಓದಲಾಗದ ಸೆಕ್ಟರ್ ಸಿಕ್ಕರೆ ಅಷ್ಟನ್ನು ಮಾತ್ರ ಉಳಿದ ಡಿಸ್ಕುಗಳಿಂದ ಲೆಕ್ಕ ಹಾಕಿ ತುಂಬಲಾಗುತ್ತದೆ. ಇದಕ್ಕೆ ಒಂದು ಖಾಲಿ ಪೋರ್ಟ್ ಬೇಕು, ಅಷ್ಟೆ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ ಪ್ರತಿ ಡಿಸ್ಕಿಗೆ ಸುಮಾರು ಏಳೂವರೆ ಗಂಟೆ ಹಿಡಿಯುತ್ತದೆ. ನಕಲು ಮುಗಿದೊಡನೆ ಹಳೆಯ ಡಿಸ್ಕಿನ ಮುಂದೆ ಫೇಲ್ ಗುರುತು ಕಾಣಿಸುವುದರಿಂದ ಮೊದಲ ಸಲ ನನಗೆ ಗಾಬರಿಯಾಗಿತ್ತು. ಅದು ಸಹಜ ನಡೆ.

ಆದರೆ ಈ ಸಾಧನ ಬಳಸುವವರ ಎಚ್ಚರವನ್ನೇ ಪೂರ್ತಿಯಾಗಿ ನೆಚ್ಚಿಕೊಂಡಿದೆ. ಹೊಸ ಡಿಸ್ಕು ಗಟ್ಟಿಯಾಗಿದೆಯೇ ಎಂದು ಅದು ಪರೀಕ್ಷಿಸುವುದಿಲ್ಲವಾದ್ದರಿಂದ, ಸ್ಮಾರ್ಟ್‌ನ (ಡಿಸ್ಕಿನೊಳಗಿನ ಸ್ವಯಂ ತಪಾಸಣೆಯ) ದೀರ್ಘ ಪರೀಕ್ಷೆಯನ್ನೂ ಕೆಟ್ಟ ಜಾಗಗಳನ್ನು ಹುಡುಕುವ ಬ್ಯಾಡ್‌ಬ್ಲಾಕ್ಸ್ ಅನ್ನೂ ನಾವೇ ಓಡಿಸಬೇಕು. ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳು ರೀಬೂಟ್ ಆದಾಗ ಅದಲುಬದಲಾಗಬಹುದಾದ್ದರಿಂದ, ನಾನು ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಟ್ರೇಗೆ ಅಂಟಿಸಿಕೊಂಡೆ. ಹಳೆಯ ಪಾರ್ಟಿಷನ್ ಟೇಬಲನ್ನು (ಡಿಸ್ಕಿನ ಭಾಗಗಳ ಪಟ್ಟಿಯನ್ನು) ಹಾಗೆಯೇ ನಕಲು ಮಾಡಿದರೆ ಹೊಸ ಪಾರ್ಟಿಷನ್ ಕೂಡ 4 ಟಿಬಿಯಷ್ಟೇ ಇರುತ್ತದೆ, ಆಗ ನಾಲ್ಕೂ ಡಿಸ್ಕು ಬದಲಾದ ಮೇಲೆ ಅರೇಯನ್ನು ಹಿಗ್ಗಿಸಲು ಕೊಡುವ ಗ್ರೋ ಆದೇಶಕ್ಕೆ ಜಾಗವೇ ಸಿಗುವುದಿಲ್ಲ.

ಗ್ರೋ ಮುಗಿದ ಮೇಲೆ ಫೈಲ್‌ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ತಾನಾಗಿ ದೊಡ್ಡದಾಗುವುದಿಲ್ಲ. ಎಕ್ಸ್‌ಟಿ4 ಆದರೆ ರೀಸೈಜ್2ಎಫ್‌ಎಸ್, ಎಕ್ಸ್‌ಎಫ್‌ಎಸ್ ಆದರೆ ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್ ಓಡಿಸಬೇಕು. 64ಬಿಟ್ ಲಕ್ಷಣವಿಲ್ಲದೆ ಮಾಡಿದ ಹಳೆಯ ಎಕ್ಸ್‌ಟಿ4, ಸಾಮಾನ್ಯ 4 ಕೆಬಿ ಬ್ಲಾಕಿನಲ್ಲಿ 16 ಟೆಬಿಬೈಟ್ (ಸುಮಾರು 17.6 ಟಿಬಿ) ದಾಟಲಾರದು, ಅದನ್ನು ಪರಿವರ್ತಿಸಲು ಅನ್‌ಮೌಂಟ್ ಮಾಡಲೇಬೇಕು (ಬಳಕೆಯಿಂದ ಬಿಡಿಸಲೇಬೇಕು). ಸರ್ವರ್ ನಿಲ್ಲಿಸದೆ ಕೆಲಸ ಮುಗಿಸಬೇಕೆಂದಿರುವವರು ಡಿಸ್ಕು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಲಿ.

ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು. ನಾನು ಬೇರೆ ಯಂತ್ರಕ್ಕೆ ಪ್ರತಿ ಮಾಡಿ, ಕೆಲವು ಫೈಲುಗಳನ್ನು ಅಲ್ಲಿಂದ ಮರಳಿ ತಂದು ತೆರೆದು ನೋಡಿದ ಮೇಲೆ ಶುರು ಮಾಡಿದೆ. ಕೊನೆಗೆ ಅರೇಯ ಮೇಲೆ ಚೆಕ್ ಓಡಿಸಿ, ಮಿಸ್‌ಮ್ಯಾಚ್ ಎಣಿಕೆ (ಡಿಸ್ಕುಗಳ ನಡುವೆ ಹೊಂದಿಕೆಯಾಗದ ಜಾಗಗಳ ಎಣಿಕೆ) ಸೊನ್ನೆ ಎಂದು ಕಂಡ ಬಳಿಕವೇ ಹಳೆಯ ನಾಲ್ಕು ಡಿಸ್ಕುಗಳನ್ನು ಅಳಿಸಿದೆ.