ನಮ್ಮ ಹಳೆ ಷೆವರ್ಲೆ ಪಿಕಪ್ಪಿನ ತಪಾಸಣೆ: 300 ಡಾಲರ್ ಕೊಟ್ಟದ್ದು ಸಾರ್ಥಕ

ಎಂಟು ವರ್ಷ ನಮ್ಮ ಮನೆಯಲ್ಲಿದ್ದ ಷೆವರ್ಲೆ 3100 ಪಿಕಪ್ಪನ್ನು ಹೋದ ತಿಂಗಳು ಮಾರಿದೆ. ನಾನಿರುವುದು ಅಮೆರಿಕದ ಸಿನ್ಸಿನಾಟಿಯಲ್ಲಿ. ಇಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ. ಹಳೆ ಟ್ರಕ್ ಯಾವ ವರ್ಷದ್ದು, ಅದರ ಯಾವ ಭಾಗ ಬೇರೆ ಗಾಡಿಯದ್ದು ಅಂತ ನೋಡಿ ಬರೆದುಕೊಡುತ್ತಾರೆ. ಫೀಸು 300 ಡಾಲರ್. ಮಾರುವ ಮುಂಚೆ ಅವರನ್ನು ಕರೆಸಿದ್ದು ನಾನು ಮಾಡಿದ ಒಳ್ಳೆ ಕೆಲಸ.

ನನಗೆ ಗಾಡಿ ಮಾರಿದ ವ್ಯಾಪಾರಿ "1950ರದ್ದು, ಎಲ್ಲಾ ಒರಿಜಿನಲ್, ಪೂರ್ತಿ ರಿಪೇರಿ ಮಾಡಿ ಹೊಸದರ ಹಾಗೆ ಮಾಡಿದ್ದೇವೆ" ಅಂದಿದ್ದ. ನಾನೂ ಎಲ್ಲರಿಗೂ ಅದನ್ನೇ ಹೇಳಿಕೊಂಡು ಬಂದಿದ್ದೆ.

ಹಿರಿಯರು ಮೊದಲು ಡ್ರೈವರ್ ಬಾಗಿಲು ತೆಗೆದು, ಕೀಲು ಕೂರುವ ಕಂಬದ ಮೇಲಿನ ಪುಟ್ಟ ತಗಡು ಓದಿದರು. 9HPG ಅಂತ ಶುರುವಾಗುತ್ತದೆ. HP ಅಂದರೆ 1950ರ ಅರ್ಧ ಟನ್ ಮಾಡೆಲ್. G ಅಂದರೆ ಏಳನೇ ತಿಂಗಳು, ಜುಲೈ. 9 ಅಂದರೆ ನಾರ್ವುಡ್ ಕಾರ್ಖಾನೆ. ನಾರ್ವುಡ್ ನಮ್ಮ ಮನೆಯಿಂದ ಕಾಲು ಗಂಟೆ ದಾರಿ! ಆ ಕಾರ್ಖಾನೆ 1987ರಲ್ಲೇ ಮುಚ್ಚಿತು. ಗಾಡಿ ಹುಟ್ಟಿದ ಊರಲ್ಲೇ ಇತ್ತು ಅಂತ ಗೊತ್ತಾಗಿ ನನಗೆ ಕಣ್ಣು ತುಂಬಿ ಬಂತು. ಎಂಟು ವರ್ಷ ಆ ತಗಡನ್ನು ಒರೆಸಿದ್ದೇನೆ, ಒಂದು ದಿನವೂ ಓದಿರಲಿಲ್ಲ.

ಆಮೇಲೆ ಬಾಗಿಲು. ಗಾಜಿನ ಮುಂದೆ ಗಾಳಿಗೆ ತೆರೆಯುವ ಚಿಕ್ಕ ಗಾಜು ಇದೆ ನೋಡಿ, ಅದು ಬಂದದ್ದು 1951ರಲ್ಲಿ. ಗುಂಡಿ ಒತ್ತಿ ತೆಗೆಯುವ ಹಿಡಿ 1952ರದ್ದು. ನಮ್ಮದರಲ್ಲಿ ಚಿಕ್ಕ ಗಾಜು ಇದೆ, ಹಿಡಿ ಮಾತ್ರ ತಿರುಗಿಸುವಂಥದ್ದು. ಹಾಗಾದರೆ ಎರಡೂ ಬಾಗಿಲು 1951ರ ಗಾಡಿಯವು. ಇಷ್ಟು ಹೇಳಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

ಎಂಜಿನ್ ಕೂಡ ಬೇರೆಯದೇ. 1950ರ ಅರ್ಧ ಟನ್ ಗಾಡಿಗೆ ಬಂದದ್ದು 216 ಎಂಜಿನ್ (ಈ ನಂಬರ್ ಎಂಜಿನ್ನಿನ ಅಳತೆ, ಘನ ಇಂಚಿನಲ್ಲಿ). ಅದರ ಪಕ್ಕದ ಮುಚ್ಚಳ ಎತ್ತರವಾಗಿದ್ದು ಸ್ಪಾರ್ಕ್ ಪ್ಲಗ್ಗಿನ ತನಕ ಬರುತ್ತದೆ. ನಮ್ಮದರಲ್ಲಿ ಅದು ಪ್ಲಗ್ಗಿನ ಕೆಳಗೇ ನಿಂತಿದೆ. ಮೇಲಿನ ಮುಚ್ಚಳಕ್ಕೆ ಅಂಚಿನಲ್ಲಿ ನಾಲ್ಕು ಸ್ಕ್ರೂ. ಅಂದರೆ 1954ರಿಂದ ಈಚಿನ 235. ಓಡಿಸುವವರಿಗೆ ಇದೇ ವಾಸಿ, ಬೇರಿಂಗುಗಳಿಗೆಲ್ಲ ಒತ್ತಡದಲ್ಲಿ ಎಣ್ಣೆ ಹೋಗುತ್ತದೆ. ಆದರೆ ಒರಿಜಿನಲ್ ಅನ್ನುವ ಹಾಗಿಲ್ಲ ಅಲ್ವಾ?

ದೊಡ್ಡ ಉಪಕಾರ ಆದದ್ದು ಟೈಟಲ್, ಅಂದರೆ ಗಾಡಿ ಯಾರದ್ದು ಅಂತ ಹೇಳುವ ಕಾಗದದ ವಿಷಯದಲ್ಲಿ. ಟೈಟಲ್‌ನಲ್ಲಿರುವ ನಂಬರ್ ತಗಡಿನ ನಂಬರಿಗೆ ತಾಳೆಯಾಗಲಿಲ್ಲ. ನನ್ನ ಎದೆ ಧಸಕ್ಕೆಂದಿತು. ಆ ಕಾಲದಲ್ಲಿ ಎಷ್ಟೋ ರಾಜ್ಯಗಳಲ್ಲಿ ಎಂಜಿನ್ ನಂಬರನ್ನೇ ಗಾಡಿಯ ನಂಬರ್ ಅಂತ ಬರೆಯುತ್ತಿದ್ದರಂತೆ. ಹಳೆ ಎಂಜಿನ್ ಹೋಯಿತು, ಕಾಗದದಲ್ಲಿ ಅದರ ನಂಬರ್ ಉಳಿಯಿತು. ಇದನ್ನು ಸರಿ ಮಾಡಿಸಲು ನನಗೆ ಆರು ವಾರ ಹಿಡಿಯಿತು. ಹಾಗೇ ಮಾರಿದ್ದರೆ ಕೊಂಡವರು ಒದ್ದಾಡುತ್ತಿದ್ದರು.

ಕೊನೆಗೆ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಕ್ಯಾಬಿನ್ನಿನ ಹಿಂದಿನ ಮೂಲೆಗಳ ಮೇಲೆ ಆಡಿಸಿದರು. ಎಡಗಡೆ ಅಂಟಲೇ ಇಲ್ಲ. ಬಣ್ಣದ ಅಡಿಯಲ್ಲಿ ತುಕ್ಕಿನ ತೂತಿಗೆ ಪುಟ್ಟಿ ಮೆತ್ತಿದ್ದರು.

ಕೊರತೆ ಇಲ್ಲದಿಲ್ಲ. ಅವರು ಸಿಗಲು ಒಂದು ತಿಂಗಳು ಕಾಯಬೇಕಾಯಿತು. ವರದಿ ಕೈಬರಹದ್ದು, ಫೋಟೊ ಇಲ್ಲ. ಬೆಲೆ ಎಷ್ಟು ಬರಬಹುದು ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ.

ಜಾಹೀರಾತಿನಲ್ಲಿ ಬಾಗಿಲು, ಎಂಜಿನ್, ಪುಟ್ಟಿ ಎಲ್ಲ ಬರೆದೆ. 30,000 ಡಾಲರ್ ಆಸೆಯಿತ್ತು, 24,500ಕ್ಕೆ ಹೋಯಿತು. ಇಂಡಿಯಾನಾದಿಂದ ಬಂದ ಗಂಡಹೆಂಡತಿ ವರದಿಯನ್ನು ಎರಡು ಸಲ ಓದಿ, ಚೌಕಾಸಿ ಮಾಡದೆ ಕೊಂಡರು. ತಿಪಟೂರಿನಿಂದ ಬಂದಿದ್ದಾಗ ಅಪ್ಪ ಇದೇ ಗಾಡಿಯ ಹಿಂಬದಿ ನೋಡಿ "ಇದರಲ್ಲಿ ಎಷ್ಟು ಕಾಯಿ ಹಿಡಿಸುತ್ತೆ ಮಗಾ?" ಅಂತ ಕೇಳಿದ್ದರು. ಮಾರಿದ ದಿನ ಅವರಿಗೆ ಫೋನ್ ಮಾಡಿದಾಗ ಅವರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಂಥ ತಪಾಸಣೆ ಮಾಡಿಸುವವರು ಟೈಟಲನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಎಂಜಿನ್ ಬ್ಲಾಕಿನ ಮೇಲೆ, ಡಿಸ್ಟ್ರಿಬ್ಯೂಟರ್ (ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟು ಹಂಚುವ ಭಾಗ) ಪಕ್ಕದಲ್ಲಿ ಒತ್ತಿರುವ ನಂಬರನ್ನು ಎಣ್ಣೆ ಜಿಡ್ಡು ತೆಗೆದು ಕಾಣುವ ಹಾಗೆ ಮಾಡಿಡಿ. ನಮ್ಮ ತಪಾಸಣೆಯಲ್ಲಿ ಅರ್ಧ ಗಂಟೆ ಹೋದದ್ದು ಅದನ್ನು ಉಜ್ಜುವುದರಲ್ಲೇ.