ಶತಾವರಿ ಪುಡಿ: 14 ತಿಂಗಳು ತಿಂದು ನೋಡಿದ್ದು

ನನಗೆ 49. ಮುಟ್ಟು ನಿಂತು ಎರಡು ವರ್ಷವಾಯಿತು. ನಮ್ಮದು ತೀರ್ಥಹಳ್ಳಿ ಕಡೆ. ಆಷಾಢದ ಜಡಿಮಳೆಯಲ್ಲಿ ಮನೆಯವರೆಲ್ಲ ಕಂಬಳಿ ಹೊದ್ದು ಮಲಗಿದ್ದರೆ ನಾನೊಬ್ಬಳು ಎದ್ದು ಜಗಲಿಯಲ್ಲಿ ಕೂರುತ್ತಿದ್ದೆ. ಎದೆಯಿಂದ ಮುಖಕ್ಕೆ ಬಿಸಿ ಏರುತ್ತದೆ, ಬೆವರು ಕಿತ್ತುಕೊಂಡು ಬರುತ್ತದೆ, ಆಮೇಲೆ ಚಳಿ. ಅಡಿಕೆ ಬೇಯಿಸುವ ಹಂಡೆಯ ಮುಂದೆ ಕೂತಾಗಲೂ ನಾನು ಅಷ್ಟು ಬೆವರಿದವಳಲ್ಲ.

ಶತಾವರಿ ಅಂದರೆ ಹಲವು ಮಕ್ಕಳ ತಾಯಿ ಬೇರು. ಮುಳ್ಳಿನ ಬಳ್ಳಿ, ಅಗೆದರೆ ಬುಡದಲ್ಲಿ ಬೆರಳಿನಂಥ ಗೆಡ್ಡೆಗಳ ಗೊಂಚಲು. ಬಾಣಂತಿಗೆ ಹಾಲು ಹೆಚ್ಚಲಿ ಅಂತ ಕೊಡುವುದು ಗೊತ್ತಿತ್ತು, ಈ ಉರಿಗೂ ಆಗುತ್ತದೆ ಅಂತ ಅತ್ತಿಗೆ ಹೇಳಿದರು. ಮೊದಲು ನಾನೇ ಅಗೆದು, ಸಿಪ್ಪೆ ತೆಗೆದು, ನಡುವಿನ ನಾರು ಎಳೆದು ಒಣಗಿಸಲು ಹೋದೆ. ಬಿಸಿಲೇ ಇಲ್ಲ, ಎಲ್ಲಾ ಬೂಸ್ಟು ಬಂತು. ಕೊನೆಗೆ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಿಂದ ಪುಡಿ ತಂದೆ. ದಿನಕ್ಕೆ ಎರಡು ಸಲ ಒಂದೊಂದು ಚಮಚ, ಬಿಸಿ ಹಾಲಿಗೆ. ರುಚಿ ಸಿಹಿ, ಕೊನೆಯಲ್ಲಿ ಸ್ವಲ್ಪ ಕಹಿ.

ಬಿಸಿ ಬಂದಾಗಲೆಲ್ಲ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಒಂದು ಗೀಟು ಹಾಕುತ್ತಿದ್ದೆ. ಶುರುವಿನಲ್ಲಿ ದಿನಕ್ಕೆ ಎಂಟು ಒಂಬತ್ತು. ಮೂರು ತಿಂಗಳಿಗೆ ಐದಾಯಿತು. ಸಿಕ್ಕಸಿಕ್ಕವರಿಗೆಲ್ಲ ಶತಾವರಿ ತಗೊಳ್ಳಿ ಅಂದೆ. ಆಮೇಲೆ ಒಂದು ಮಳೆಗಾಲದಲ್ಲಿ ಪುಡಿ ಮುಗಿಯಿತು, ಪೇಟೆಗೆ ಹೋಗಲು ಐದು ವಾರ ಆಗಲಿಲ್ಲ. ಗೀಟು ಎಣಿಸಿದರೆ ಅದೇ ಐದು! ಪುಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಈ ಬಿಸಿ ಕಾಲ ಕಳೆದಂತೆ ತಾನಾಗಿಯೂ ಇಳಿಯುತ್ತದೆ, ಔಷಧಿ ತಗೊಂಡೆ ಅನ್ನುವ ನಂಬಿಕೆಗೂ ಇಳಿಯುತ್ತದೆ ಅಂದರು ಡಾಕ್ಟರು. ನಿದ್ದೆ ಮಾತ್ರ ಸುಧಾರಿಸಿದೆ. ಅದು ಪುಡಿಯಿಂದಲೋ ರಾತ್ರಿಯ ಬಿಸಿ ಹಾಲಿನಿಂದಲೋ, ಯಾರಿಗೆ ಗೊತ್ತು?

ನಡುವೆ ಒಂದು ಎಡವಟ್ಟೂ ಆಯಿತು. ಆನ್‌ಲೈನಿನಲ್ಲಿ ಬ್ಲ್ಯಾಕ್ ಕೊಹೋಶ್ ಮಾತ್ರೆ ತರಿಸಿದೆ. ಅಮೆರಿಕದ ಕಾಡಿನ ಗಿಡವಂತೆ, ಸುಮ್ನೆ ಗಿಡಮೂಲಿಕೆ ತಾನೇ ಅಂದುಕೊಂಡೆ. ಎರಡೇ ವಾರಕ್ಕೆ ಹೊಟ್ಟೆ ತೊಳೆಸತೊಡಗಿತು. ಅಪರೂಪಕ್ಕೆ ಕೆಲವರಿಗೆ ಲಿವರ್‌ಗೆ ಪೆಟ್ಟಾಗಿದ್ದಿದೆ ಅಂತ ಡಾಕ್ಟರು ಅದನ್ನು ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿದರು. ಪುಣ್ಯಕ್ಕೆ ಏನೂ ಇರಲಿಲ್ಲ. ಉರಿ ತಡೆಯೋಕೇ ಆಗದಿದ್ದರೆ ಹಾರ್ಮೋನ್ ಚಿಕಿತ್ಸೆಯೇ ಜಾಸ್ತಿ ಕೆಲಸ ಮಾಡುವುದು, ಆದರೆ ಸ್ತನ ಕ್ಯಾನ್ಸರ್ ಆದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ ಅಂದರು. ನಾನಿನ್ನೂ ಮನಸ್ಸು ಮಾಡಿಲ್ಲ. ಇನ್ನೊಂದು ಮಾತನ್ನೂ ಒತ್ತಿ ಹೇಳಿದರು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಮತ್ತೆ ರಕ್ತ ಕಂಡರೆ ಕಷಾಯ ಕುಡಿಯುತ್ತಾ ಕೂರಬೇಡಿ, ತಕ್ಷಣ ತೋರಿಸಿ ಅಂತ.

ಶತಾವರಿಗೆ 5ಕ್ಕೆ 2 ಅಂಕ ಕೊಡುತ್ತೇನೆ, ಅದರಲ್ಲಿ ಒಂದು ಹಾಲಿಗೆ. ರಾತ್ರಿ ಹೊತ್ತು ಈಗಲೂ ಕುಡಿಯುತ್ತೇನೆ, ರುಚಿ ಹಿಡಿದುಬಿಟ್ಟಿದೆ. ತಗೊಳ್ಳುವವರು ಮಳೆಗಾಲದಲ್ಲಿ 100 ಗ್ರಾಂಗಿಂತ ಜಾಸ್ತಿ ತರಬೇಡಿ. ನಮ್ಮ ಕಡೆಯ ತೇವಕ್ಕೆ ಗಾಜಿನ ಬಾಟಲಿಯಲ್ಲಿಟ್ಟರೂ ಗಂಟು ಕಟ್ಟುತ್ತದೆ.