ಡಬ್ಬ ಮಾಡೋದಕ್ಕೂ ಡಿಗ್ರಿನಾ? ಓದಿ ಮುಗಿಸಿದವನ ರಿವ್ಯೂ

ಕೋರ್ಸ್: ಪ್ಯಾಕೇಜಿಂಗ್ ಟೆಕ್ನಾಲಜಿ, ನಾಲ್ಕು ವರ್ಷ
ಸ್ಟಾರ್: ಐದಕ್ಕೆ ನಾಲ್ಕು

"ಡಬ್ಬ ಮಾಡೋದಕ್ಕೂ ಡಿಗ್ರಿನಾ?" ಸೇರಿದ ದಿನ ಚಿಕ್ಕಪ್ಪ ಕೇಳಿದ್ದು ಇದನ್ನೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆ ಎಲ್ಲೂ ಸೀಟು ಸಿಗದೆ ಸೇರಿದವನು ನಾನು. ಅಮೆರಿಕದ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ 1952ರಿಂದಲೇ ಇದನ್ನು ಕಲಿಸುತ್ತಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಅದನ್ನು ಹೇಳಿದರೂ ಚಿಕ್ಕಪ್ಪ ನಕ್ಕರು, ಬಿಡಿ.

ಮೊದಲ ವರ್ಷ ಬರೀ ಫಿಸಿಕ್ಸ್, ಕೆಮಿಸ್ಟ್ರಿ, ಲೆಕ್ಕ. ರುಚಿ ಹತ್ತಿದ್ದು ಎರಡನೇ ವರ್ಷ, ಒಂದು ಚಿಪ್ಸ್ ಪ್ಯಾಕೆಟ್ಟಿನಿಂದ. ಗಾಳಿ ತುಂಬಿ ಮೋಸ ಮಾಡ್ತಾರೆ ಅಂತ ನಾನೂ ಬೈದವನೇ. ಅದು ನೈಟ್ರೋಜನ್. ಆಮ್ಲಜನಕ ಇದ್ದರೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಒಳಗಿನ ಬೆಳ್ಳಿ ಬಣ್ಣ ಅಲ್ಯೂಮಿನಿಯಂ ಲೇಪ, ಒಂದು ಮೈಕ್ರಾನಿಗಿಂತ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತ, ಎಷ್ಟೋ ತೆಳು. ಬೆಳಕನ್ನೂ ಆಮ್ಲಜನಕವನ್ನೂ ತಡೆಯುವುದು ಅದೇ. (ಹಾಗಂತ ಅರ್ಧ ಪ್ಯಾಕೆಟ್ ಖಾಲಿ ಬಿಡಿ ಅಂತ ಯಾವ ಮೇಷ್ಟ್ರೂ ಕಲಿಸಲಿಲ್ಲ.)

ಆದರೆ ಈ ಓದಿನ ಬೆಲೆ ಗೊತ್ತಾಗಿದ್ದು ಇಂಟರ್ನ್‌ಶಿಪ್‌ನಲ್ಲಿ. ಗೋದಾಮಿನಲ್ಲಿ ಗಾಜಿನ ಬಾಟಲಿಗಳ ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಪೇರಿಸಿದ್ದವು. ತಳದ ಸಾಲು ಪದೇ ಪದೇ ಕುಸಿಯುತ್ತಿತ್ತು. ರಟ್ಟು ಕಳಪೆ, ಇನ್ನೂ ದಪ್ಪದ್ದು ತರಿಸೋಣ ಅಂತ ಮಾತು ನಡೆದಿತ್ತು. ನಾನು ನೆಲದ ಮೇಲೆ ಕೂತು ನೋಡಿದೆ. ಪೆಟ್ಟಿಗೆಗಳು ಅಡಿಗಿಟ್ಟ ಹಲಗೆ ಮಣೆ, ಅಂದರೆ ಪ್ಯಾಲೆಟ್‌ನ ಅಂಚಿನಿಂದ ಎರಡು ಬೆರಳು ಹೊರಗೆ ಚಾಚಿದ್ದವು, ಅಷ್ಟೇ. ಪೆಟ್ಟಿಗೆ ಭಾರ ಹೊರುವುದು ಹೆಚ್ಚಾಗಿ ಅದರ ನಾಲ್ಕು ಮೂಲೆಗಳ ಮೇಲೆ. ಮೂಲೆಯ ಕೆಳಗೆ ಆಧಾರವೇ ಇಲ್ಲದಿದ್ದರೆ ಎಷ್ಟು ದಪ್ಪದ ರಟ್ಟು ತಂದು ಏನು ಬಂತು? ಸಾಲದ್ದಕ್ಕೆ ಗೋಡೆ ತೇವ ಬೇರೆ. ರಟ್ಟು ತೇವ ಹೀರಿದರೆ ಮೆತ್ತಗಾಗುತ್ತದೆ. ಪೆಟ್ಟಿಗೆಗಳನ್ನು ಒಳಗೆ ಸರಿಸಿ, ಗೋಡೆಯಿಂದ ದೂರ ಇಟ್ಟೆವು. ಹೊಸ ರಟ್ಟು ತರಿಸಲೇ ಇಲ್ಲ. ಇದೇನು ದೊಡ್ಡ ವಿದ್ಯೆನಾ ಅನ್ನಬಹುದು. ಆದರೆ ಆರು ತಿಂಗಳಿಂದ ಅಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅಲ್ವಾ?

ಇನ್ನು ದೂರುಗಳು. ಪೆಟ್ಟಿಗೆಯನ್ನು ಒತ್ತಿ ಶಕ್ತಿ ಅಳೆಯುವ ಮೆಷಿನ್ ನಮ್ಮ ಕಾಲೇಜಿನಲ್ಲಿ ಒಂದಿಡೀ ಸೆಮಿಸ್ಟರ್ ಕೆಟ್ಟು ಕೂತಿತ್ತು. ವಿಡಿಯೋ ನೋಡಿ ರೆಕಾರ್ಡ್ ಬರೆದೆವು. ಬಳಸಿ ಬಿಸಾಡಿದ ಮೇಲೆ ಪ್ಯಾಕೆಟ್ ಏನಾಗುತ್ತದೆ ಅನ್ನೋದು ಕೊನೇ ಸೆಮಿಸ್ಟರಿನ ಒಂದೇ ಪಾಠ. ಪದರ ಪದರ ಅಂಟಿಸಿದ ಪ್ಲಾಸ್ಟಿಕ್ಕನ್ನು ಬಿಡಿಸಿ ಮರುಬಳಕೆ ಮಾಡುವುದು ಎಷ್ಟು ಕಷ್ಟ ಅಂತ ಮೊದಲ ವರ್ಷವೇ ಹೇಳಬೇಕಿತ್ತು. ಒಂದು ಸ್ಟಾರ್ ಕಟ್ ಮಾಡಿದ್ದು ಈ ಎರಡಕ್ಕೆ.

ಕೆಲಸ? ನನಗೆ ಸಿಕ್ಕಿತು. ಆದರೆ ಅರ್ಜಿ ತುಂಬುವಾಗ ಡಿಗ್ರಿಗಳ ಪಟ್ಟಿಯಲ್ಲಿ ನಮ್ಮದು ಇರುವುದು ಅಪರೂಪ, "ಇತರೆ" ಒತ್ತಿ ಅಭ್ಯಾಸ ಮಾಡಿಕೊಳ್ಳಿ. ಮುಂದೆ ಲೈನ್ ಬದಲಿಸುವ ಯೋಚನೆ ಇದ್ದರೆ ಸ್ವಲ್ಪ ಜಾಸ್ತಿನೇ ವಿವರಿಸಬೇಕಾಗುತ್ತದೆ.

ಸೇರುವ ಮೊದಲು ಸುಮ್ನೆ ಬ್ರೋಷರ್ ನೋಡಬೇಡಿ. ನೇರ ಲ್ಯಾಬಿಗೆ ಹೋಗಿ, ಒಂದು ಡಬ್ಬ ಒತ್ತಿ ತೋರಿಸಿ ಅನ್ನಿ. "ನಾಳೆ ಬನ್ನಿ" ಅಂದರೆ ಬೇರೆ ಕಾಲೇಜು ಹುಡುಕಿ.